ಪೇಟೆ ಬೀದಿ: ಅಗಲ ಮಾಡುವ ಮೊದಲು ಅಂಚು ಸರಿಮಾಡಿ

ಬಸ್ ಸ್ಟ್ಯಾಂಡಿನಿಂದ ಸರ್ಕಲ್ಲಿನವರೆಗಿನ ಪೇಟೆ ಬೀದಿಯಲ್ಲಿ ಸಂಜೆ ಆರಕ್ಕೆ ವಾಹನಗಳು ನಿಂತುಬಿಟ್ಟರೆ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಏಳುವ ಮಾತು ಒಂದೇ: ರಸ್ತೆ ಅಗಲ ಆಗಬೇಕು. ಆ ಮಾತಿಗೆ ಮುನ್ನ ಟೇಪು ಹಿಡಿದು ಪ್ರತಿ 20 ಮೀಟರಿಗೊಮ್ಮೆ ಡಾಂಬರಿನ ಅಗಲ ಅಳೆಯಿರಿ. ಒಂದು ಕಡೆ 11 ಮೀಟರ್, ಮುಂದೆ 8, ಟ್ರಾನ್ಸ್‌ಫಾರ್ಮರ್ ಪಕ್ಕ 6, ಮತ್ತೆ 10, ಹೀಗೆ ಸಿಗುವುದೇ ಹೆಚ್ಚು. ಅತಿ ಇಕ್ಕಟ್ಟಾದ ಜಾಗ ಎಷ್ಟು ಬಿಡುತ್ತದೋ ಬೀದಿ ಅಷ್ಟನ್ನೇ ಸಾಗಿಸುತ್ತದೆ. 11 ಮೀಟರ್ ಇರುವಲ್ಲಿನ ಹೆಚ್ಚುವರಿ ಜಾಗ ಓಡಾಟಕ್ಕೆ ದಕ್ಕುವುದಿಲ್ಲ. ಅಲ್ಲಿ ಬೈಕು, ಆಟೋ, ತಳ್ಳುಗಾಡಿ ಬಂದು ನಿಲ್ಲುತ್ತವೆ, ನಡೆಯುವವರು ಅವನ್ನು ಬಳಸಿಕೊಂಡು ರಸ್ತೆಗೇ ಇಳಿಯುತ್ತಾರೆ, ಹಿಂದಿನ ಬಸ್ಸು ಬ್ರೇಕ್ ಹಾಕುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್, ಅಂದರೆ ಐಆರ್‌ಸಿ, 1990ರಲ್ಲಿ ಹೊರತಂದ 106ನೇ ಸಂಖ್ಯೆಯ ಮಾರ್ಗಸೂಚಿಯಲ್ಲಿ ಇದೇ ಸಂಗತಿ ಅಂಕಿಗಳಲ್ಲಿದೆ. ಎರಡು ಲೇನಿನ ದ್ವಿಮುಖ ರಸ್ತೆಗೆ ಅದು ಮೂರು ಸಾಮರ್ಥ್ಯ ಕೊಡುತ್ತದೆ: ಅಂಚಿನಲ್ಲಿ ಅಂಗಡಿ ಬಾಗಿಲೂ ಇಲ್ಲ, ನಿಂತ ವಾಹನವೂ ಇಲ್ಲ ಎಂದರೆ ಗಂಟೆಗೆ 1500 ಪಿಸಿಯು (ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದ ಅಳತೆ). ಅಂಗಡಿ ಇದ್ದು, ನಿಂತ ವಾಹನ ಇಲ್ಲದಿದ್ದರೆ 1200. ಅಂಗಡಿಯೂ ಇದ್ದು, ವಾಹನವೂ ನಿಂತು, ಅಡ್ಡ ಓಡಾಟವೂ ಜೋರಾಗಿದ್ದರೆ 900. ಲೇನಿನ ಸಂಖ್ಯೆ ಮೂರೂ ಕಡೆ ಒಂದೇ, ಬದಲಾಗಿದ್ದು ಅಂಚು. ಒಂದೇ ಒಂದು ಕಟ್ಟಡ ಒಡೆಯದೆ 900ರ ಬೀದಿಯನ್ನು 1200ರ ಹತ್ತಿರ ತರಲು ಸಾಧ್ಯವಿದೆ. ಮುಂದೆ ಹೇಳುವುದೆಲ್ಲ ಅದರ ದಾರಿ.

ಬೀದಿ ಯಾರದ್ದು, ಗಡಿ ಎಲ್ಲಿದೆ

ಪುರಸಭೆಯೊಳಗಿನ ಮುಖ್ಯ ಬೀದಿ ಪುರಸಭೆಯದ್ದೇ ಆಗಿರಬೇಕೆಂದಿಲ್ಲ. ರಾಜ್ಯ ಹೆದ್ದಾರಿ ಊರೊಳಗಿಂದ ಹಾದರೆ ಅದು ಲೋಕೋಪಯೋಗಿ ಇಲಾಖೆಯದ್ದು. ರಾಷ್ಟ್ರೀಯ ಹೆದ್ದಾರಿಯಾದರೆ ಅನುಮತಿಯ ದಾರಿಯೇ ಬೇರೆ. ಇದನ್ನು ಕೇಳದೆ ನಕ್ಷೆ ಮಾಡಿದರೆ ಆರು ತಿಂಗಳ ಕೆಲಸ ಒಂದು ಪತ್ರದಲ್ಲಿ ನಿಂತುಹೋಗುತ್ತದೆ. ಏಕಮುಖ ಸಂಚಾರ, ಭಾರಿ ವಾಹನ ನಿಷೇಧ ಮತ್ತು ಪಾರ್ಕಿಂಗ್ ಜಾಗಗಳಿಗೆ ಮೋಟಾರು ವಾಹನ ಕಾಯ್ದೆಯ 115 ಮತ್ತು 117ನೇ ಕಲಂಗಳಡಿ ಅಧಿಸೂಚನೆ ಬೇಕು. ಅದಿಲ್ಲದೆ ಬೋರ್ಡು ನೆಟ್ಟರೆ ಪೊಲೀಸರು ದಂಡ ಹಾಕಿದರೂ ಅದು ನಿಲ್ಲುವುದಿಲ್ಲ. ವಿಷಯವನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿಟ್ಟರೆ ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಗಳವರು ಒಂದೇ ಮೇಜಿನಲ್ಲಿ ಸಿಗುತ್ತಾರೆ.

ಸರ್ವೆಯರ್ ಕೈಯಲ್ಲಿ ಗಡಿ ಗುರುತು ಮಾಡಿಸಿ. ಜೊತೆಗೆ ಪ್ರತಿ 10 ಮೀಟರಿಗೆ ನಾಲ್ಕು ಮಟ್ಟ ತೆಗೆಸಿ: ರಸ್ತೆಯ ನಡು, ಡಾಂಬರಿನ ಅಂಚು, ಅಂಗಡಿಯ ಹೊಸ್ತಿಲು, ಚರಂಡಿಯ ತಳ. ಪೇಟೆ ಬೀದಿಯ ವಿನ್ಯಾಸ ಕೆಡುವುದು ಹೆಚ್ಚಾಗಿ ಈ ಹೊಸ್ತಿಲ ಮಟ್ಟವನ್ನು ಬಿಟ್ಟುಬಿಟ್ಟಾಗ. ಹಳೆ ಅಂಗಡಿಯ ಹೊಸ್ತಿಲು ತಗ್ಗಿನಲ್ಲಿರುತ್ತದೆ, ಪಕ್ಕದ ಹೊಸ ಕಾಂಪ್ಲೆಕ್ಸ್ ಮೂರು ಮೆಟ್ಟಿಲು ಮೇಲಿರುತ್ತದೆ. ಫುಟ್‌ಪಾತಿನ ಮಟ್ಟವನ್ನು ಅತಿ ತಗ್ಗಿನ ಹೊಸ್ತಿಲಿಗೆ ಮಳೆನೀರು ನುಗ್ಗದ ಹಾಗೆ ನಿಗದಿ ಮಾಡಬೇಕು. ಎತ್ತರದ ಕಟ್ಟಡದವರು ತಮ್ಮ ಮೆಟ್ಟಿಲನ್ನು ತಮ್ಮ ಗಡಿಯೊಳಗೇ ಇಳಿಸಿಕೊಳ್ಳಬೇಕು. ಚರಂಡಿಯ ಮೇಲೆ ಕಟ್ಟಿದ ಮೆಟ್ಟಿಲುಗಳ ಪಟ್ಟಿಯನ್ನು ಫೋಟೋ ಸಮೇತ ಈಗಲೇ ಮಾಡಿಟ್ಟುಕೊಳ್ಳಿ. ಕೆಲಸ ಶುರುವಾದ ಮೇಲೆ ಕೇಳಿದರೆ ಎಲ್ಲವೂ ಅಜ್ಜನ ಕಾಲದ್ದೇ ಆಗಿರುತ್ತದೆ.

ಎಣಿಕೆ

ಮೂರು ದಿನ ಎಣಿಸಿ: ಒಂದು ಸಾಮಾನ್ಯ ದಿನ, ಒಂದು ಸಂತೆ ದಿನ, ಒಂದು ಭಾನುವಾರ ಅಥವಾ ಹಬ್ಬದ ಹಿಂದಿನ ದಿನ. ಬೆಳಿಗ್ಗೆ 8.30ರಿಂದ 10.30, ಸಂಜೆ 5ರಿಂದ 8, ಹದಿನೈದು ನಿಮಿಷಕ್ಕೊಂದು ಸಾಲು. ಬೈಕು, ಆಟೋ, ಕಾರು, ಟೆಂಪೋ, ಬಸ್ಸು, ಟ್ರ್ಯಾಕ್ಟರ್ ಬೇರೆ ಬೇರೆ ಬರೆಯಬೇಕು. ನಡೆದು ಹೋಗುವವರು ಮತ್ತು ರಸ್ತೆ ದಾಟುವವರಿಗೆ ಇನ್ನೊಬ್ಬರು ಕೂರಬೇಕು. ವಾಹನ ಎಣಿಸುವವರಿಂದಲೇ ಅದನ್ನೂ ಮಾಡಿಸಿದರೆ ಜನರ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ, ಆಮೇಲೆ ಫುಟ್‌ಪಾತೂ ಕಿರಿದಾಗುತ್ತದೆ.

ಲೆಕ್ಕ ಹೀಗೆ ಹಾಕಿ. ಒಂದು ಗಂಟೆಯಲ್ಲಿ 900 ಬೈಕು, 150 ಆಟೋ, 120 ಕಾರು, 30 ಸಣ್ಣ ಸರಕು ಗಾಡಿ, 20 ಬಸ್ಸು ಹಾದವು ಎನ್ನೋಣ. ಕಾರನ್ನು 1 ಎಂದಿಟ್ಟುಕೊಂಡರೆ, ಒಟ್ಟು ವಾಹನಗಳಲ್ಲಿ ಶೇ. 10 ಮೀರಿದ ಬೈಕಿಗೆ 0.75, ಆಟೋಗೆ 2. ಶೇ. 5ರೊಳಗಿರುವ ಸಣ್ಣ ಸರಕು ಗಾಡಿಗೆ 1.4, ಬಸ್ಸಿಗೆ 2.2. ಗುಣಿಸಿದರೆ 675, 300, 120, 42, 44, ಒಟ್ಟು 1181 ಪಿಸಿಯು. 900ರ ಬೀದಿ ಇದನ್ನು ತಡೆಯಲಾರದು, 1200ರ ಬೀದಿ ಕಷ್ಟಪಟ್ಟು ಸಾಗಿಸುತ್ತದೆ. ಸಂಖ್ಯೆಯಲ್ಲಿ ಎಂಟರಲ್ಲೊಂದು ಪಾಲಿರುವ ಆಟೋಗಳು ರಸ್ತೆಯ ಕಾಲು ಭಾಗ ತೆಗೆದುಕೊಳ್ಳುತ್ತಿವೆ ಎಂಬುದನ್ನೂ ಗಮನಿಸಿ. ಪ್ರಯಾಣಿಕರಿಗಾಗಿ ತೆವಳುತ್ತಾ ಹೋಗುವ ಆಟೋಗೆ ನಿಲ್ಲಲು ಗೊತ್ತಾದ ಜಾಗ ಕೊಡುವುದು ಆಟೋದವರಿಗಾಗಿ ಮಾತ್ರ ಮಾಡುವ ಕೆಲಸವಲ್ಲ.

ರಸ್ತೆ ದಾಟಲು ಪ್ರತ್ಯೇಕ ವ್ಯವಸ್ಥೆ ಬೇಕೇ ಎಂಬುದಕ್ಕೂ ಒಂದು ಲೆಕ್ಕವಿದೆ. ಪೀಕ್ ಅವರ್‌ನಲ್ಲಿ ದಾಟುವವರ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ, ಅಂದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಬಂದದ್ದರಿಂದ, ಗುಣಿಸಿ. ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಅದು 10 ಕೋಟಿ ದಾಟಿದರೆ ಬೇಕು. ಮೇಲಿನ 1220 ವಾಹನಗಳ ನಡುವೆ 400 ಜನ ದಾಟಿದರೆ ಬರುವುದು 59 ಕೋಟಿಗೂ ಹೆಚ್ಚು. ಎಂಜಿನಿಯರ್ ಮುಂದೆ ವಾದ ಮಾಡುವ ಬದಲು ಈ ಹಾಳೆ ಇಡಿ.

ಅಗಲ ಹಂಚುವುದು

ಹಂಚಿಕೆ ಗೋಡೆಯಿಂದ ನಡುವಿನ ಕಡೆಗೆ ಬರಬೇಕು. ರೂಢಿ ಇದಕ್ಕೆ ತದ್ವಿರುದ್ಧ: ಮೊದಲು ಡಾಂಬರು, ಉಳಿದದ್ದು ಚರಂಡಿ, ಅದರ ಮೇಲಿನ ಚಪ್ಪಡಿಯೇ ಫುಟ್‌ಪಾತು. ಐಆರ್‌ಸಿ 103 ವಾಣಿಜ್ಯ ಬೀದಿಗೆ ಕೇಳುವುದು ಅಡೆತಡೆಯಿಲ್ಲದ 2.5 ಮೀಟರ್ ನಡಿಗೆ ಜಾಗ, ವಸತಿ ಬೀದಿಗೆ 1.8. ಅಡೆತಡೆಯಿಲ್ಲದ ಎಂದರೆ ಕಂಬ, ಬೋರ್ಡು, ಮೆಟ್ಟಿಲು, ಮರದ ಕಟ್ಟೆ ಎಲ್ಲ ಕಳೆದ ಮೇಲೆ ಉಳಿಯುವುದು. ತಲೆಯ ಮೇಲೂ 2.2 ಮೀಟರ್ ಖಾಲಿ ಇರಬೇಕು. ಅಂಗಡಿ ಮುಂದಿನ ತಗಡಿನ ಶೀಟು ಇದನ್ನೇ ಮೊದಲು ಮುರಿಯುವುದು.

ಗಡಿಯಿಂದ ಗಡಿಗೆ 15 ಮೀಟರ್, ಅಂದರೆ ಸುಮಾರು 50 ಅಡಿ ಇದ್ದರೆ ಎರಡೂ ಬದಿ 3 ಮೀಟರ್ ಫುಟ್‌ಪಾತು, ಒಂದು ಬದಿ ಪಾರ್ಕಿಂಗ್, ತಳ್ಳುಗಾಡಿ, ಮರಗಳಿಗಾಗಿ 2 ಮೀಟರಿನ ಬಹುಬಳಕೆ ಪಟ್ಟಿ, ನಡುವೆ 7 ಮೀಟರ್ ಡಾಂಬರು. ಪಟ್ಟಿ ಇರುವ ಬದಿಯಲ್ಲಿ ಫುಟ್‌ಪಾತಿನ 3 ಮೀಟರಿನಲ್ಲಿ ಅರ್ಧ ಮೀಟರ್ ಅಂಗಡಿ ಮುಂದೆ ನಿಲ್ಲುವ ಗಿರಾಕಿಗೆ, 2.5 ನಡಿಗೆಗೆ. ಎದುರು ಬದಿಯಲ್ಲಿ ಆ ಅರ್ಧ ಮೀಟರ್ ಕರ್ಬಿನ (ಫುಟ್‌ಪಾತಿನ ಅಂಚುಗಲ್ಲಿನ) ಪಕ್ಕ ಕಂಬಗಳಿಗೆ. ಮರಗಳಿಗೆ ಅರ್ಧ ಮೀಟರ್ ಸಾಲದು, ಅವು ಬಹುಬಳಕೆ ಪಟ್ಟಿಯಲ್ಲೇ ಬರಬೇಕು. ಈಗಿರುವ ಮರ ನಡಿಗೆ ಜಾಗದಲ್ಲಿದ್ದರೆ ಕಡಿಯಬೇಡಿ, ಅಲ್ಲಿ ಪಟ್ಟಿಯನ್ನೇ ಆ ಬದಿಗೆ ತಿರುಗಿಸಿ. ಡಾಂಬರು ಮಾತ್ರ ಎಲ್ಲೂ 7ಕ್ಕಿಂತ ಹಿಗ್ಗಬಾರದು, ಕುಗ್ಗಬಾರದು. ಬೆಂಗಳೂರಿನ ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ ಮುಂತಾದ, ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮರುವಿನ್ಯಾಸಗೊಂಡ ರಸ್ತೆಗಳ ಮೂಲ ಸೂತ್ರವೂ ಈ ಸಮನಾದ ಲೇನ್ ಅಗಲವೇ.

12 ಮೀಟರ್ ಇದ್ದರೆ ಎರಡರಲ್ಲಿ ಒಂದನ್ನು ಆರಿಸಬೇಕು. ದ್ವಿಮುಖ ಬೇಕಾದರೆ 6 ಮೀಟರ್ ಡಾಂಬರು, 3 ಮತ್ತು 3 ಫುಟ್‌ಪಾತು, ಪಾರ್ಕಿಂಗ್ ಇಲ್ಲ. ಪಾರ್ಕಿಂಗ್ ಬೇಕೇ ಬೇಕೆಂದರೆ ಏಕಮುಖ: 4 ಮೀಟರ್ ಡಾಂಬರು, 2 ಮೀಟರ್ ಪಟ್ಟಿ, 3 ಮತ್ತು 3. ಏಕಮುಖಕ್ಕೆ 100ರಿಂದ 150 ಮೀಟರ್ ಒಳಗೆ ಸಮಾನಾಂತರ ರಸ್ತೆ ಇರಬೇಕು. ಸುತ್ತು ಉದ್ದವಾದಷ್ಟೂ ಬೈಕಿನವರು ಎದುರಿನಿಂದ ಬರುತ್ತಾರೆ, ಯಾವ ಬೋರ್ಡೂ ಅವರನ್ನು ತಡೆಯುವುದಿಲ್ಲ. ಎದುರು ವಾಹನದ ಭಯ ಹೋಗಿ ವೇಗವೂ ಏರುವುದರಿಂದ ಎತ್ತರಿಸಿದ ದಾಟುಪಟ್ಟಿ ಇಲ್ಲದೆ ಏಕಮುಖ ಮಾಡಲೇಬೇಡಿ. 10 ಮೀಟರಿಗಿಂತ ಕಿರಿದಾದ ಹಳೆ ಪೇಟೆ ಓಣಿಯಲ್ಲಿ ಕರ್ಬ್ ಕಟ್ಟುವ ಹಟ ಬೇಡ. ಗೋಡೆಯಿಂದ ಗೋಡೆಗೆ ಒಂದೇ ಮಟ್ಟದ ಕಲ್ಲು ಹಾಸಿ, ಸಂತೆ ಮತ್ತು ಸಂಜೆ ಹೊತ್ತಿನಲ್ಲಿ ವಾಹನ ಸಂಚಾರ ನಿಲ್ಲಿಸುವುದು ಸರಿ.

ಆ 2 ಮೀಟರಿನ ಪಟ್ಟಿ

ಬೀದಿಯ ಜಗಳಗಳೆಲ್ಲ ಇಲ್ಲೇ ಇರುವುದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ. ಕಾರನ್ನು ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸಲು 6 ಮೀಟರ್ ಉದ್ದ ಬೇಕು. ಅದೇ 6 ಮೀಟರಿನಲ್ಲಿ ಬೈಕುಗಳನ್ನು ಅಡ್ಡಲಾಗಿ, ತಲಾ 1 ಮೀಟರ್ ಲೆಕ್ಕದಲ್ಲಿ ಆರು ನಿಲ್ಲಿಸಬಹುದು. ಒಬ್ಬ ಕಾರಿನವರು ಎರಡು ಗಂಟೆ ನಿಂತ ಜಾಗದಲ್ಲಿ ಆರು ಬೈಕುಗಳು ಅರ್ಧರ್ಧ ಗಂಟೆಯಂತೆ ಬದಲಾದರೆ 24 ಗಿರಾಕಿಗಳು. ವರ್ತಕರ ಸಭೆಯಲ್ಲಿ ಈ ಲೆಕ್ಕ ಹೇಳಿ. ಹೆಚ್ಚಿನ ಕಡೆ ಬೆಳಿಗ್ಗೆ ಒಂಬತ್ತಕ್ಕೇ ಬಂದು ರಾತ್ರಿವರೆಗೆ ಜಾಗ ಹಿಡಿಯುವುದು ಅಂಗಡಿ ಮಾಲೀಕರ ಮತ್ತು ಕೆಲಸಗಾರರ ವಾಹನಗಳೇ. ಅವಕ್ಕೆ ಹಿಂದಿನ ಬೀದಿಯಲ್ಲೋ ಪುರಸಭೆಯ ಖಾಲಿ ನಿವೇಶನದಲ್ಲೋ ಜಾಗ ತೋರಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಪ್ರತಿ 40ರಿಂದ 50 ಮೀಟರಿಗೆ ಒಂದು ಮರದ ಕಟ್ಟೆ ಅಥವಾ ಫುಟ್‌ಪಾತಿನ ಚಾಚು ಬಂದು ಪಟ್ಟಿಯನ್ನು ತುಂಡರಿಸಬೇಕು. ಉದ್ದಕ್ಕೂ ಖಾಲಿ ಬಿಟ್ಟರೆ ವಾಹನ ಕಡಿಮೆ ಇರುವ ಹೊತ್ತಿನಲ್ಲಿ ಅದು ಮೂರನೇ ಲೇನ್ ಆಗುತ್ತದೆ. ಸರಕು ಇಳಿಸಲು 10 ಮೀಟರಿನ ಒಂದು ಜಾಗ, ಬೆಳಿಗ್ಗೆ 9ರ ಒಳಗೆ ಮತ್ತು ಮಧ್ಯಾಹ್ನ 1ರಿಂದ 3ರವರೆಗೆ. ಆಟೋ ನಿಲ್ದಾಣ ಬಸ್ ಸ್ಟ್ಯಾಂಡಿನ ಬಾಯಲ್ಲಿ ಬೇಡ, ಅದನ್ನು ದಾಟಿದ ಮೇಲೆ, ಒಂದರ ಹಿಂದೊಂದು ಆರು ಆಟೋಗೆ. ಬಸ್ಸು ಹತ್ತಿಸಿಕೊಳ್ಳುವ ಜಾಗ ಸರ್ಕಲ್ ದಾಟಿ ಕನಿಷ್ಠ 30 ಮೀಟರ್ ಆಚೆ ಇರಲಿ. ಒಂದರ ಹಿಂದೊಂದು ಎರಡು ಬಸ್ಸು ನಿಂತರೂ ಸರ್ಕಲ್ ಮುಚ್ಚಿಕೊಳ್ಳಬಾರದು.

ಹೂವು, ಹಣ್ಣು, ಸೊಪ್ಪಿನವರನ್ನು ಎಬ್ಬಿಸಿ ನಕ್ಷೆ ಮಾಡುವುದು ತಪ್ಪು ಮಾತ್ರವಲ್ಲ, ಕಾನೂನಿಗೂ ವಿರುದ್ಧ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ತೆರವು ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ತಳ್ಳುಗಾಡಿಗೆ 2 ಮೀಟರ್ ಉದ್ದ, 1.2 ಮೀಟರ್ ಅಗಲ ಗುರುತು ಹಾಕಿ, ಗಾಡಿಯ ಬೆನ್ನು ರಸ್ತೆಗೆ, ಮುಖ ಫುಟ್‌ಪಾತಿಗೆ ಇರಲಿ. ಉಳಿದ 0.8 ಮೀಟರ್ ಗಿರಾಕಿ ನಿಲ್ಲುವ ಜಾಗ. ಮುಖ ರಸ್ತೆಗೆ ತಿರುಗಿದರೆ ಬೈಕಿನವರು ಎಂಜಿನ್ ಆರಿಸದೆಯೇ ಸೊಪ್ಪಿನ ದರ ಕೇಳುತ್ತಾ ಲೇನ್ ಮುಚ್ಚುತ್ತಾರೆ. ಸಂತೆ ದಿನ ಇಡೀ ಪಟ್ಟಿ ಸಂತೆಗೆ, ಅಂದು ಪಾರ್ಕಿಂಗ್ ಬೇರೆಡೆ. ಅಧಿಸೂಚನೆಯಲ್ಲೇ ಈ ಸಾಲು ಸೇರಿಸಿಬಿಡಿ.

ದಾಟುವ ಜಾಗ, ಮೂಲೆ, ಇಳಿಜಾರು

ಜನ ಈಗ ಎಲ್ಲಿ ದಾಟುತ್ತಾರೋ ಅಲ್ಲೇ ದಾಟುಪಟ್ಟಿ ಬರಬೇಕು: ಶಾಲೆ ಗೇಟು, ದೇವಸ್ಥಾನ, ಮಸೀದಿ, ಸರ್ಕಾರಿ ಆಸ್ಪತ್ರೆ, ಬಸ್ ಸ್ಟ್ಯಾಂಡಿನ ಎದುರು. 50 ಮೀಟರ್ ಆಚೆ ಹಾಕಿ ನಡುವೆ ಗ್ರಿಲ್ ಕಟ್ಟಿದರೆ ಗ್ರಿಲ್ಲಿನ ಎರಡು ಸರಳು ಬೇಗನೆ ಬಾಗಿರುತ್ತವೆ. ದಾಟುವಲ್ಲಿ ಪಾರ್ಕಿಂಗ್ ಪಟ್ಟಿ ನಿಲ್ಲಿಸಿ ಫುಟ್‌ಪಾತನ್ನು ಡಾಂಬರಿನ ಅಂಚಿನವರೆಗೆ ಚಾಚಿ. 9 ಮೀಟರ್ ದಾಟಬೇಕಾದವರು 7 ಮೀಟರ್ ದಾಟುತ್ತಾರೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಅದು 11 ಸೆಕೆಂಡಿನ ಬದಲು 9 ಸೆಕೆಂಡು. ಅದಕ್ಕಿಂತ ಮುಖ್ಯವಾಗಿ, ನಿಂತ ಕಾರಿನ ಮರೆಯಿಂದ ಇಣುಕಬೇಕಾದ ಪಾಡು ತಪ್ಪುತ್ತದೆ.

ದಾಟುಪಟ್ಟಿಯನ್ನು ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿ. ಫುಟ್‌ಪಾತು ರಸ್ತೆಯಿಂದ 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಇದ್ದರೆ ವಯಸ್ಸಾದವರು ಹತ್ತುವುದಿಲ್ಲ. ಮೇಲ್ಭಾಗ ಕನಿಷ್ಠ 3 ಮೀಟರ್ ಸಮತಟ್ಟು, ಎರಡೂ ಕಡೆ ವಾಹನಕ್ಕೆ 1:10 ಇಳಿಜಾರು, ಅಂದರೆ ಒಂದೂವರೆ ಮೀಟರ್. ಬಸ್ಸು ಹೆಚ್ಚಿದ್ದರೆ 1:15, ಎರಡೂಕಾಲು ಮೀಟರ್. ಎಲ್ಲರೂ ಮರೆಯುವ ಸಂಗತಿ ನೀರು. ಎತ್ತರಿಸಿದ ಪಟ್ಟಿ ಕರ್ಬಿನ ಪಕ್ಕ ಅಣೆಕಟ್ಟಿನಂತೆ ನಿಲ್ಲುತ್ತದೆ, ಆದ್ದರಿಂದ ಏರು ಬದಿಯಲ್ಲಿ ಜಾಲರಿಯ ತೂಬು ಇಟ್ಟು ಚರಂಡಿಗೆ ಜೋಡಿಸಲೇಬೇಕು. ಒಂದಡಿ ಅಗಲದ ದಿಢೀರ್ ಹಂಪು ಎಲ್ಲೂ ಬೇಡ. ಐಆರ್‌ಸಿ 99 ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ.

ಸಾಮಾನ್ಯ ದಾಟುಪಟ್ಟಿಯಲ್ಲಿ ಕರ್ಬನ್ನು 1:12ರಲ್ಲಿ ಇಳಿಸಬೇಕು. 150 ಮಿಲಿಮೀಟರ್ ಇಳಿಯಲು 1.8 ಮೀಟರ್ ಉದ್ದ, ಅಗಲ ಕನಿಷ್ಠ 1.2. ಗುತ್ತಿಗೆದಾರರು ಅರ್ಧ ಮೀಟರಿನಲ್ಲಿ ಮುಗಿಸುವ ಕಾಂಕ್ರೀಟ್ ಜಾರುಬಂಡೆಯಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕಣ್ಣು ಕಾಣದವರಿಗಾಗಿ ಹಾಕುವ ಟೈಲುಗಳಲ್ಲಿ ಗುಂಡಿ ಗುರುತಿನದ್ದು ನಿಲ್ಲಿ ಎಂದು ಹೇಳುತ್ತದೆ, ಗೆರೆ ಗುರುತಿನದ್ದು ಮುಂದೆ ನಡೆಯಿರಿ ಎಂದು. ಗೆರೆಯ ಟೈಲಿನ ಎರಡೂ ಬದಿ 600 ಮಿಲಿಮೀಟರ್ ಖಾಲಿ ಇರಲಿ. ನೇರ ಲೈಟ್ ಕಂಬಕ್ಕೆ ಹೋಗಿ ಮುಗಿಯುವ ಟೈಲು ಸಾಲು ಕಣ್ಣು ಕಾಣದವರಿಗೆ ಮಾಡುವ ಮೋಸ.

ಅಡ್ಡರಸ್ತೆ ಸೇರುವ ಮೂಲೆಯ ವಕ್ರತ್ರಿಜ್ಯ 4ರಿಂದ 6 ಮೀಟರ್ ಸಾಕು. ದೊಡ್ಡ ಸುತ್ತು ಕೊಟ್ಟರೆ ಕಾರು ವೇಗ ತಗ್ಗಿಸದೆ ತಿರುಗುತ್ತದೆ. ಬಸ್ಸು ತಿರುಗುವ ಮೂಲೆಗಳನ್ನು ಮಾತ್ರ ಬಸ್ಸನ್ನೇ ತಂದು ತಿರುಗಿಸಿ ನೋಡಿ ನಿರ್ಧರಿಸಿ. ಮನೆ, ಕಾಂಪ್ಲೆಕ್ಸ್‌ಗಳ ವಾಹನ ದ್ವಾರದಲ್ಲಿ ಫುಟ್‌ಪಾತು ಇಳಿಯಬಾರದು, ಅದೇ ಮಟ್ಟದಲ್ಲಿ ಮುಂದುವರಿದು ವಾಹನವೇ ಹತ್ತಿ ಇಳಿಯಬೇಕು. ಪ್ರತಿ ಗೇಟಿಗೂ ಇಳಿದು ಏರುವ ಫುಟ್‌ಪಾತನ್ನು ಬಿಟ್ಟು ಜನ ರಸ್ತೆಯಲ್ಲೇ ನಡೆಯುತ್ತಾರೆ.

ಅಗೆಯುವ ಮುನ್ನ ಸುಣ್ಣದ ಗೆರೆ

ನಕ್ಷೆಯನ್ನು ಸುಣ್ಣದ ಗೆರೆ, ಕೋನ್, ಮರಳು ಚೀಲ, ಬಣ್ಣ ಬಳಿದ ಡ್ರಮ್ಮುಗಳಿಂದ ಬೀದಿಯ ಮೇಲೇ ಇಡಿ. ಮೂರು ವಾರ ಬಿಡಿ, ಮೂರು ಸಂತೆ ದಿನ ಹಾದುಹೋಗಲಿ. ಮೊದಲ ವಾರ ಗದ್ದಲ ಆಗಿಯೇ ಆಗುತ್ತದೆ, ಆ ವಾರದ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ವಾರದಲ್ಲಿ ಬಸ್ಸು ಬೀದಿಯ ಈ ತುದಿಯಿಂದ ಆ ತುದಿಗೆ ಎಷ್ಟು ನಿಮಿಷ ತೆಗೆದುಕೊಂಡಿತು, ನೂರು ಜನರಲ್ಲಿ ಎಷ್ಟು ಮಂದಿ ಡಾಂಬರಿನ ಮೇಲೆ ನಡೆದರು, ಎಷ್ಟು ಬೈಕು ಎದುರಿನಿಂದ ಬಂದವು ಎಂದು ಅಳೆಯಿರಿ. ಜನ ಮತ್ತೆ ಮತ್ತೆ ಪಕ್ಕಕ್ಕೆ ತಳ್ಳಿದ ಡ್ರಮ್ಮು ಇದ್ದ ಜಾಗದಲ್ಲಿ ನಕ್ಷೆಯೇ ತಪ್ಪಿರುತ್ತದೆ. ಅಗ್ನಿಶಾಮಕ ವಾಹನ ಮತ್ತು ರಥೋತ್ಸವದ ದಾರಿಯನ್ನೂ ಆಗಲೇ ನೋಡಿಕೊಳ್ಳಿ. ತೇರು ಹೋಗುವ ಬೀದಿಯಲ್ಲಿ ಕಂಬದ ಸಾಲು, ತಂತಿಯ ಎತ್ತರ, ಮೂಲೆಯ ಸುತ್ತು ಎಲ್ಲಕ್ಕೂ ತೇರಿನ ಅಳತೆಯೇ ಪ್ರಮಾಣ.

ನೆಲದಡಿ ಮತ್ತು ನೆಲದ ಮೇಲೆ

ಆಳದಿಂದ ಮೇಲಕ್ಕೆ ಬನ್ನಿ: ಒಳಚರಂಡಿ, ಮಳೆನೀರು ಚರಂಡಿ, ಕುಡಿಯುವ ನೀರು, ವಿದ್ಯುತ್ ಕೇಬಲ್, ಕೊನೆಗೆ ಇಂಟರ್‌ನೆಟ್ ಕೊಳವೆ. ಕುಡಿಯುವ ನೀರಿನ ಪೈಪು ಒಳಚರಂಡಿಗಿಂತ ಮೇಲೇ ಇರಬೇಕು. ಪ್ರತಿ 50 ಮೀಟರಿಗೆ ರಸ್ತೆ ಅಡ್ಡಲಾಗಿ ಎರಡು ಖಾಲಿ 110 ಮಿಲಿಮೀಟರ್ ಪೈಪು ಹೂತು, ಎಲ್ಲಿದೆ ಎಂದು ಕರ್ಬಿನ ಮೇಲೆ ಗುರುತು ಕೆತ್ತಿಸಿ. ಅದಿಲ್ಲದಿದ್ದರೆ ಹೊಸ ರಸ್ತೆಯನ್ನು ಮುಂದಿನ ವರ್ಷವೇ ಯಾರೋ ಕತ್ತರಿಸುತ್ತಾರೆ.

ಚರಂಡಿ ಫುಟ್‌ಪಾತಿನ ಕೆಳಗೆ ಬರುವುದರಿಂದ ಮುಚ್ಚುವ ಚಪ್ಪಡಿಯ ತೂಕ ಲೆಕ್ಕ ಹಾಕಿ. 90 ಸೆಂಟಿಮೀಟರ್ ಉದ್ದ, 60 ಅಗಲ, 10 ದಪ್ಪದ ಆರ್‌ಸಿಸಿ ಚಪ್ಪಡಿ ಸುಮಾರು 135 ಕಿಲೋ. ಅಗಲ 45 ಮಾಡಿದರೆ 100 ಕಿಲೋ. ಎತ್ತಲು ಕೊಕ್ಕೆ ತೂರುವ ತೂತು ಇಲ್ಲದಿದ್ದರೆ ಹೂಳೆತ್ತುವವರು ಹಾರೆಯಿಂದ ಮೀಟಿ ಅಂಚು ಒಡೆಯುತ್ತಾರೆ, ಚಪ್ಪಡಿ ಅಲುಗಾಡತೊಡಗುತ್ತದೆ, ಕಾಲು ಸಿಕ್ಕಿಕೊಳ್ಳುವ ಸಂದು ಹುಟ್ಟುತ್ತದೆ. ಪ್ರತಿ 6ರಿಂದ 10 ಮೀಟರಿಗೆ ಒಂದನ್ನು ಸುಲಭವಾಗಿ ತೆಗೆಯುವಂತೆ ಇಟ್ಟು ಉಳಿದವನ್ನು ಗಾರೆಯಿಂದ ಕೂರಿಸಿ. ರಸ್ತೆ ನೀರು ಇಳಿಯುವ ತೂಬು 15ರಿಂದ 20 ಮೀಟರಿಗೊಂದು. ಜಾಲರಿಯ ಸರಳುಗಳು ಸಂಚಾರಕ್ಕೆ ಅಡ್ಡಲಾಗಿರಲಿ, ಉದ್ದಕ್ಕಿದ್ದರೆ ಸೈಕಲ್ ಚಕ್ರ ಇಳಿದುಬಿಡುತ್ತದೆ. ಡಾಂಬರಿಗೆ ನಡುವಿನಿಂದ ಅಂಚಿಗೆ 1:40, ಫುಟ್‌ಪಾತಿಗೆ ರಸ್ತೆಯ ಕಡೆ 1:50 ಇಳಿಜಾರು.

ಫುಟ್‌ಪಾತಿಗೆ ಹಾಸಲು ನಯ ಮಾಡಿದ ಕಲ್ಲು ಬೇಡ, ಮಳೆಗಾಲದಲ್ಲಿ ಜಾರುತ್ತದೆ. ಒರಟು ಮೇಲ್ಮೈಯ ಗ್ರಾನೈಟ್ ಒಳ್ಳೆಯದು. ಇಂಟರ್‌ಲಾಕ್ ಬ್ಲಾಕಾದರೆ ನಡಿಗೆಗೆ 60 ಮಿಲಿಮೀಟರ್, ವಾಹನ ಹತ್ತುವ ಗೇಟಿನ ಮುಂದೆ 80. ಬ್ಲಾಕು ಕುಸಿಯಲು ಕಾರಣ ಬ್ಲಾಕಲ್ಲ, ಕೆಳಗೆ ಗಟ್ಟಿಸದೆ ಬಿಟ್ಟ ಪೈಪು ಗುಂಡಿ. ಬೈಕು ಫುಟ್‌ಪಾತಿಗೆ ಹತ್ತದಂತೆ ಬೊಲಾರ್ಡ್ (ಗಿಡ್ಡ ತಡೆಗಂಬ) ನೆಡುವಾಗ ನಡುವೆ 1.2 ಮೀಟರ್ ಬಿಡಲೇಬೇಕು, ಇಲ್ಲದಿದ್ದರೆ ಗಾಲಿಕುರ್ಚಿ ತೂರದು. ಆ ಸಂದಿನಲ್ಲಿ ಬೈಕೂ ತೂರುತ್ತದೆ ಎಂಬುದು ನಿಜ. ಬೈಕನ್ನು ನಿಜವಾಗಿ ತಡೆಯುವುದು ರಸ್ತೆಯ ವಾಹನ ನಿಲ್ಲದೆ ಸಾಗುವುದು ಮತ್ತು ಮೊದಲ ತಿಂಗಳ ಬಿಗಿ ದಂಡ.

ಕೆಲಸ ಒಂದು ಬದಿಯಲ್ಲಿ 100 ಮೀಟರಿನಂತೆ ನಡೆಯಲಿ, ಪ್ರತಿ ಅಂಗಡಿಗೂ 1.2 ಮೀಟರ್ ಹಲಗೆ ದಾರಿ ಇರಲಿ. ಬಿಲ್ಲಿಗೆ ಸಹಿ ಹಾಕುವ ಮುನ್ನ ಮೂರು ಪರೀಕ್ಷೆ ಮಾಡಿ: ಒಂದು ಟ್ಯಾಂಕರ್ ನೀರು ಬಿಟ್ಟು ಹತ್ತು ನಿಮಿಷದ ಮೇಲೆ ಎಲ್ಲಿ ನಿಂತಿದೆ ಎಂದು ನೋಡುವುದು, ಗಾಲಿಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ ಬಸ್ ಸ್ಟ್ಯಾಂಡಿನಿಂದ ಸರ್ಕಲ್ಲಿಗೆ ಎಲ್ಲೂ ಎತ್ತದೆ ತಳ್ಳಿಕೊಂಡು ಹೋಗುವುದು, ಪ್ರತಿ 20 ಮೀಟರಿಗೆ ಡಾಂಬರಿನ ಅಗಲವನ್ನು ಮತ್ತೆ ಅಳೆಯುವುದು. ಗುತ್ತಿಗೆದಾರರು ಒಪ್ಪದಿದ್ದರೆ ಎರಡು ಸಂಗತಿ ನೆನಪಿಸಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಳಸಲು ಯೋಗ್ಯವಾದ ಫುಟ್‌ಪಾತನ್ನು ಸಂವಿಧಾನದ 21ನೇ ವಿಧಿಯ ಹಕ್ಕೆಂದು ಹೇಳಿದೆ. ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಗುತ್ತಿಗೆದಾರರಿಗೂ ವಿನ್ಯಾಸಕಾರರಿಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಮೇ ತಿಂಗಳ ಕೊನೆಯೊಳಗೆ ತೂಬು, ಚರಂಡಿಗಳ ಹೂಳು ತೆಗೆಸಿ. ತೆಗೆದ ಹೂಳನ್ನು ಅದೇ ದಿನ ಸಾಗಿಸಿ, ಪಕ್ಕದಲ್ಲೇ ಬಿಟ್ಟರೆ ಮೊದಲ ಮಳೆಗೆ ಒಳಗೇ ಹೋಗುತ್ತದೆ. ಕೆಲ ವರ್ಷಗಳ ನಂತರ ಮರುಡಾಂಬರಿನ ಟೆಂಡರ್ ಬಂದಾಗ ಹಳೆ ಪದರವನ್ನು ಕೆರೆದು ತೆಗೆಯುವ ಕೆಲಸ ಅಂದಾಜು ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಪ್ರತಿ ಸಲ 40 ಮಿಲಿಮೀಟರಿನಂತೆ ಏರುವ ರಸ್ತೆ ನಾಲ್ಕನೇ ಸಲಕ್ಕೆ 150 ಮಿಲಿಮೀಟರಿನ ಕರ್ಬನ್ನೇ ನುಂಗಿ, ಮಳೆನೀರನ್ನು ಅಂಗಡಿಯ ಹೊಸ್ತಿಲಿಗೆ ತಿರುಗಿಸುತ್ತದೆ.